ಚಿಕ್ಕಮ್ಮನ ಪಿಂಚಣಿ ಫಾರಂ: ಒಂದೇ ಕಾಗದ, ಒಂದೇ ಅವಕಾಶ

ಚಿಕ್ಕಮ್ಮ ಬಟ್ಟೆ ಚೀಲದಿಂದ ತೆಗೆದು ನನ್ನ ಅಂಗಡಿಯ ಮೇಜಿನ ಮೇಲಿಟ್ಟ ಫಾರಂ ನಾಲ್ಕು ಮಡಿಕೆಯಾಗಿತ್ತು. ಹಿಂದೆ ಮುಂದೆ ಎರಡೂ ಕಡೆ ಅಚ್ಚು. ಮೇಲ್ಗಡೆ ಬಲಕ್ಕೆ ಕಚೇರಿಯ ದುಂಡು ಮೊಹರು, ಅದರ ಪಕ್ಕ ಕೆಂಪು ಶಾಯಿಯಲ್ಲಿ ಬರೆದ ಕ್ರಮಸಂಖ್ಯೆ. "ಇದು ಎರಡನೇದು ಮಗಾ. ಇನ್ನೊಂದು ಕೊಡಲ್ಲ ಅಂದವ್ರೆ" ಎಂದರು.

ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿ ನಿವೃತ್ತರಾಗಿದ್ದ ಚಿಕ್ಕಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಪಿಂಚಣಿ ನಿಂತಿದೆ. ಚಿಕ್ಕಮ್ಮನ ಹೆಸರಿಗೆ ಕುಟುಂಬ ಪಿಂಚಣಿ ಶುರುವಾಗಬೇಕಾದರೆ ಈ ಫಾರಂ ಹೋಗಬೇಕು. ಜೊತೆಗೆ ಮರಣ ಪ್ರಮಾಣಪತ್ರ, ಪಿಪಿಒ ಅಂದರೆ ಪಿಂಚಣಿ ಪಾವತಿ ಆದೇಶದ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಎರಡು ಫೋಟೊ. ಫಾರಂನ ಹಿಂಬದಿಯಲ್ಲೇ ಒಂದು ಮುಚ್ಚಳಿಕೆ ಇದೆ: ತಪ್ಪಿ ಹೆಚ್ಚಿಗೆ ಹಣ ಪಾವತಿಯಾದರೆ ಹಿಂದಿರುಗಿಸುತ್ತೇನೆ ಎಂದು.

ಮೊದಲನೇ ಫಾರಂ ಅವರೇ ಕೈಯಲ್ಲಿ ತುಂಬಿದ್ದರು. ಈಗ ನಾಲ್ಕೈದು ವರ್ಷದಿಂದ ಅವರ ಬಲಗೈ ನಡುಗುತ್ತದೆ. ಲೋಟ ಹಿಡಿದರೆ ಕಾಫಿ ತುಳುಕುತ್ತದೆ. ಒಂದು ಕಾಲಕ್ಕೆ ಇಡೀ ಬೀದಿಯ ಮದುವೆ ಮನೆಗಳ ಮುಯ್ಯಿ ಪಟ್ಟಿ ಬರೆದುಕೊಡುತ್ತಿದ್ದ ಕೈ ಅದು. ಆರು ಮಿ.ಮೀ. ಅಗಲದ ಚೌಕಗಳಲ್ಲಿ ಒಂದೊಂದು ಅಕ್ಷರ ಕೂರಿಸುವುದು ಆ ಕೈಗೆ ಆಗಲಿಲ್ಲ. ಖಾತೆ ಸಂಖ್ಯೆಯಲ್ಲಿ 1 ಯಾವುದು 7 ಯಾವುದು ತಿಳಿಯದಂತಾಗಿ, ಎರಡು ಕಡೆ ತಿದ್ದಿ ಬರೆದು, ಕೌಂಟರಿನಲ್ಲಿದ್ದವರು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟಿದ್ದರು. ಅವರು ಒರಟಾಗಿ ಮಾತಾಡಲಿಲ್ಲವಂತೆ. "ಟೈಪ್ ಮಾಡಿಸ್ಕೊಂಡು ಬನ್ನಿ ಅಮ್ಮಾ, ಆದ್ರೆ ಈ ಮೊಹರು ಇರೋ ಕಾಗದದ ಮೇಲೇ ಆಗ್ಬೇಕು. ಜೆರಾಕ್ಸು ನಡೆಯಲ್ಲ" ಅಂದರಂತೆ.

ನಾನೇ ಕೈಯಲ್ಲಿ ಬರೆದುಕೊಡಬಹುದಿತ್ತು, ನಿಜ. ಆದರೆ ಪೆನ್ನಿನಲ್ಲಿ ಒಂದಕ್ಷರ ತಪ್ಪಿದರೆ ಚಿಕ್ಕಮ್ಮ ಮತ್ತೆ ಬಸ್ ಹತ್ತಿ ಹೋಗಿ ಮೂರನೇ ಫಾರಂಗೆ ಕೈ ಚಾಚಬೇಕು. ಕಂಪ್ಯೂಟರಿನಲ್ಲಿ ಆದರೆ ತಪ್ಪನ್ನೆಲ್ಲ ಪರದೆಯ ಮೇಲೆ, ಬಿಳಿ ಹಾಳೆಯ ಮೇಲೆ ಮಾಡಿ ಮುಗಿಸಿ, ಕೊನೆಗೆ ಒಂದೇ ಸಲ ಅಸಲಿ ಕಾಗದಕ್ಕೆ ಕೈ ಹಾಕಬಹುದು. ಚಿಕ್ಕಮ್ಮನೂ ಅಷ್ಟರಲ್ಲಿ ಒಂದೊಂದು ಸಾಲನ್ನೂ ಓದಿ ಸರಿ ಇದೆಯೋ ಇಲ್ಲವೋ ಹೇಳಬಹುದು. ಈ ಎರಡನೇ ಕಾರಣವೇ ನನಗೆ ಮುಖ್ಯವಾಗಿತ್ತು. ಅದು ಅವರ ಅರ್ಜಿ.

ಹಿಂದೆ ತಾಲ್ಲೂಕು ಕಚೇರಿಗಳ ಮುಂದೆ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಕೂತವರು ಇದೇ ಕೆಲಸ ಮಾಡುತ್ತಿದ್ದರು. ಅಚ್ಚಾದ ಫಾರಂ ಅನ್ನು ಉರುಳೆಗೆ ಸಿಕ್ಕಿಸಿ, ಗೆರೆ ಸರಿಯಾಗಿ ಅಕ್ಷರದ ಬುಡಕ್ಕೆ ಬರುವಂತೆ ಬೆರಳಲ್ಲಿ ತುಸುವೇ ತಿರುಗಿಸಿ, ಖಾಲಿ ಜಾಗದಲ್ಲಿ ಮಾತ್ರ ಹೊಡೆಯುತ್ತಿದ್ದರು. ಕಾಗದ ಅವರ ಕಣ್ಣ ಮುಂದೆಯೇ ಇರುತ್ತಿತ್ತು. ಕಂಪ್ಯೂಟರಿಗೆ ಕಾಗದ ಕಾಣದು, ಅದಕ್ಕೆ ಸ್ಕ್ಯಾನ್ ಮಾಡಿ ತೋರಿಸಬೇಕು. ಈ ಪ್ರಕರಣದಲ್ಲಿ ಸ್ಕ್ಯಾನ್ ಆಗಿದ್ದು ಅಷ್ಟಕ್ಕೇ: ಎಲ್ಲಿ ಏನಿದೆ ಎಂದು ತೋರಿಸುವ ನಕ್ಷೆ.

ಮೊದಲು ಕೈಬಿಟ್ಟ ಎರಡು ದಾರಿ

ಚಿಕ್ಕಮ್ಮನ ಮಗಳು ಬೆಂಗಳೂರಿನಲ್ಲಿದ್ದಾಳೆ. ಅವಳು ಆಗಲೇ ಎರಡು ಫೈಲ್ ಕಳಿಸಿದ್ದಳು. ಒಂದು, ಹಿಂದಿನ ಸಲ ಬಂದಾಗ ಫಾರಂಗೆ ಮೊಬೈಲಿನಲ್ಲಿ ತೆಗೆದ ಫೋಟೊ. ಸಂದೇಶದಲ್ಲಿ ಕೈಯಿಂದ ಕೈಗೆ ದಾಟಿ ಬರುವಷ್ಟರಲ್ಲಿ ಅದು ಉದ್ದಕ್ಕೆ 1280 ಚುಕ್ಕಿಗೆ ಇಳಿದಿತ್ತು. ಹದಿನಾಲ್ಕು ಇಂಚಿನ ಕಾಗದಕ್ಕೆ ಹಂಚಿದರೆ ಇಂಚಿಗೆ 91 ಚುಕ್ಕಿ. ಓದಲು ಸಾಕು, ಅಳೆಯಲು ಸಾಲದು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಮೊಬೈಲನ್ನು ಕೊಂಚ ಓರೆ ಹಿಡಿದಿದ್ದರಿಂದ ಕಾಗದದ ಮೇಲ್ತುದಿ ಕಿರಿದಾಗಿ, ಕೆಳತುದಿ ಅಗಲವಾಗಿ ಬಿದ್ದಿತ್ತು. ಮೇಲಿನ ಸಾಲಿನ ಚೌಕಕ್ಕೂ ಕೆಳಗಿನ ಸಾಲಿನ ಚೌಕಕ್ಕೂ ಅಳತೆಯೇ ಬೇರೆ. ಅದರ ಮೇಲೆ ಅಕ್ಷರ ಕೂರಿಸಿದರೆ ಪರದೆಯಲ್ಲಿ ಚೆಂದ ಕಾಣುತ್ತದೆ, ಅಸಲಿ ಕಾಗದಕ್ಕೆ ಹೋದಾಗ ಒಂದೂ ತಾಳೆಯಾಗುವುದಿಲ್ಲ.

ಎರಡನೇ ಫೈಲ್, ಅದೇ ಫೋಟೊದಿಂದ ಯಾರೋ ಅಕ್ಷರ ಗುರುತಿಸುವ ತಂತ್ರಾಂಶದಲ್ಲಿ ಹಾಯಿಸಿ ಮಾಡಿಕೊಟ್ಟ ದಾಖಲೆ. ಇಡೀ ಫಾರಂ ಪಠ್ಯವಾಗಿ ಬಂದಿತ್ತು, ಎಲ್ಲಿ ಬೇಕಾದರೂ ಟೈಪ್ ಮಾಡಬಹುದಿತ್ತು. ಓಸಿಆರ್ ಎಂದು ಕರೆಯುವ ಈ ಅಕ್ಷರ ಗುರುತಿಸುವ ತಂತ್ರದ ಬಗ್ಗೆ ನನಗೆ ಗೌರವವಿದೆ. ಟೆಸೆರಾಕ್ಟ್‌ನಂಥ ಮುಕ್ತ ತಂತ್ರಾಂಶ ಕನ್ನಡವನ್ನೂ ಓದುತ್ತದೆ, ಹಳೇ ಪುಸ್ತಕಗಳಿಗೆ ಅದು ವರ. ಫಾರಂಗೆ ಮಾತ್ರ ಬೇಡ. ಮುಚ್ಚಳಿಕೆಯಲ್ಲಿದ್ದ "ಬದ್ಧ" ಎಂಬುದು "ಬದ್ದ" ಆಗಿತ್ತು. ಹೊಟ್ಟೆ ಸೀಳಿದ ಅಕ್ಷರದ ಆ ಸಣ್ಣ ಗೀಟು ಮಸುಕು ಚಿತ್ರದಲ್ಲಿ ಮೊದಲು ಕಳೆದುಹೋಗುವಂಥದ್ದು. "ಪಾವತಿ" ಒಂದು ಕಡೆ "ವಾವತಿ". ಸೊನ್ನೆ ಇದ್ದ ಕಡೆ ಅನುಸ್ವಾರ. ಸಹಿಯ ಜಾಗ ಹಿಂಬದಿಯಿಂದ ಮೂರನೇ ಪುಟಕ್ಕೆ ಹಾರಿತ್ತು. ಇದು ಕಾಗುಣಿತದ ಮಾತಷ್ಟೇ ಅಲ್ಲ. ಮುಚ್ಚಳಿಕೆ ಕಾನೂನಿನ ಮಾತು. ಫಾರಂನಲ್ಲಿ ಅಚ್ಚಾದ ಮಾತು ಕಚೇರಿಯದು, ಖಾಲಿ ಜಾಗಕ್ಕೆ ಬರುವ ಉತ್ತರ ಮಾತ್ರ ಅರ್ಜಿದಾರರದು. ಎರಡನ್ನೂ ಒಂದೇ ಪಠ್ಯದಲ್ಲಿ ಕಲೆಸಿದರೆ ಕಚೇರಿಯ ಮಾತನ್ನು ನಾವು ತಿದ್ದಿದಂತಾಗುತ್ತದೆ, ಗೊತ್ತಿಲ್ಲದೆ ಆದರೂ ಸರಿ. ಹಾಗಾಗಿ ಫಾರಂ ಚಿತ್ರವಾಗಿಯೇ ಉಳಿಯಬೇಕು, ಯಾರ ಬೆರಳೂ ತಾಗದಂತೆ ಕೆಳಗೆ ಇರಬೇಕು. ಉತ್ತರಗಳು ಅದರ ಮೇಲಿನ ಇನ್ನೊಂದು ಪದರದಲ್ಲಿ ಕೂರಬೇಕು. ಈ ಒಂದು ನಿರ್ಧಾರವಾದ ಮೇಲೆ ಉಳಿದದ್ದೆಲ್ಲ ಅಳತೆಯ ಕೆಲಸ.

ಕಾಗದದ ಅಳತೆ

ಮಡಿಕೆ ಬಿಚ್ಚಿ ಸ್ಕೇಲ್ ಇಟ್ಟೆ. ಎ4 ಅಲ್ಲ, ಲೀಗಲ್. ಅಂದರೆ 215.9 ಮಿ.ಮೀ. ಅಗಲ, 355.6 ಮಿ.ಮೀ. ಉದ್ದ. ಎ4 ಹಾಳೆ 210ಕ್ಕೆ 297. ನಮ್ಮ ಕಚೇರಿಗಳ ಹಳೇ ಫಾರಂಗಳಲ್ಲಿ ಇದು ಸಾಮಾನ್ಯ. ಜೆರಾಕ್ಸ್ ಅಂಗಡಿಗಳಲ್ಲಿ ಇದನ್ನು ಎ4ಗೆ ಇಳಿಸಿ ಕೊಡುತ್ತಾರೆ. ಆಗ ಉದ್ದ ಶೇ. 83.5ಕ್ಕೆ ಕುಗ್ಗುತ್ತದೆ, ಆರು ಮಿ.ಮೀ. ಚೌಕ ಐದು ಮಿ.ಮೀ. ಆಗುತ್ತದೆ. ಎಷ್ಟೋ ಜನ ಅಂಥ ಕುಗ್ಗಿದ ಪ್ರತಿಯನ್ನೇ ಸ್ಕ್ಯಾನ್ ಮಾಡಿ, ಅದರ ಮೇಲೆ ಟೈಪ್ ಮಾಡಿ, ಅಸಲಿಗೆ ಯಾಕೆ ಹೊಂದುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ.

ನನ್ನ ಸ್ಕ್ಯಾನರಿನ ಗಾಜು ಎ4 ಉದ್ದದ್ದು, 297 ಮಿ.ಮೀ.ಗೆ ಮುಗಿಯುತ್ತದೆ. ಹಾಗಾಗಿ ಎರಡು ಸಲ ಸ್ಕ್ಯಾನ್: ಒಮ್ಮೆ ಕಾಗದದ ತಲೆಯನ್ನು ಗಾಜಿನ ಮೂಲೆಗೆ ಒತ್ತಿ, ಇನ್ನೊಮ್ಮೆ ಬುಡವನ್ನು ಒತ್ತಿ. ಇಂಚಿಗೆ 300 ಚುಕ್ಕಿ, ಬೂದು ಬಣ್ಣದ ಛಾಯೆ. ಅಪ್ಪಟ ಕಪ್ಪು-ಬಿಳುಪಿನಲ್ಲಿ ತೆಗೆದರೆ ಫಾರಂನ ತೆಳು ಚುಕ್ಕಿ ಗೆರೆಗಳು ಮಾಯವಾಗುತ್ತವೆ, ಬಣ್ಣದಲ್ಲಿ ತೆಗೆದರೆ ಫೈಲ್ ಸುಮ್ಮನೆ ಭಾರ. ಮಡಿಕೆಯ ಗೆರೆ ಉಬ್ಬಿ ನಿಂತಿದ್ದರಿಂದ ಅದಕ್ಕೂ ಮೊದಲು ಕಾಗದವನ್ನು ಎರಡು ದಪ್ಪ ಲೆಡ್ಜರ್ ಪುಸ್ತಕಗಳ ನಡುವೆ ಒಂದು ರಾತ್ರಿ ಇಟ್ಟಿದ್ದೆ. ಆ ರಾತ್ರಿ ಚಿಕ್ಕಮ್ಮನೂ ನಮ್ಮ ಮನೆಯಲ್ಲೇ ಉಳಿದರು.

ಓರೆ ತೆಗೆಯುವ ಕೆಲಸವನ್ನು ಅಸಡ್ಡೆ ಮಾಡಬಾರದು. ಕಾಗದ ಗಾಜಿನ ಮೇಲೆ ಒಂದೇ ಒಂದು ಡಿಗ್ರಿ ವಾಲಿದರೂ 355.6 ಮಿ.ಮೀ. ಉದ್ದಕ್ಕೆ ತಲೆಯಿಂದ ಬುಡಕ್ಕೆ 6.2 ಮಿ.ಮೀ. ಸರಿಯುತ್ತದೆ. ಅಂದರೆ ಪೂರ್ತಿ ಒಂದು ಚೌಕ. ಮೇಲೆ ಸರಿಯಾಗಿ ಕೂತ ಅಕ್ಷರ ಕೆಳಗೆ ಪಕ್ಕದ ಮನೆಗೆ ಹೋಗುತ್ತದೆ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಫಾರಂನ ಒಂದು ಉದ್ದನೆಯ ಅಡ್ಡಗೆರೆಯ ಮೇಲೆ ಅಳತೆಯ ಸಾಧನ ಎಳೆದರೆ ಎಷ್ಟು ವಾಲಿದೆ ಎಂದು ತೋರಿಸುತ್ತದೆ. ಅಷ್ಟೇ ತಿರುಗಿಸಿ ನೇರ ಮಾಡಿದೆ.

ಆಮೇಲೆ ಲಿಬ್ರೆಆಫೀಸ್ ರೈಟರ್ ಎಂಬ ವರ್ಡ್ ಪ್ರೊಸೆಸರ್ ತೆರೆದು ಪುಟದ ಅಳತೆಯನ್ನು ಲೀಗಲ್‌ಗೆ ಬದಲಿಸಿ, ಮೊದಲ ಚಿತ್ರವನ್ನು ಪುಟದ ನೆತ್ತಿಗೆ ಕೂರಿಸಿದೆ. ಎರಡನೆಯದನ್ನು ಮೇಲಿನಿಂದ 58.6 ಮಿ.ಮೀ.ಗೆ ಇಟ್ಟೆ, 355.6ರಲ್ಲಿ 297 ಕಳೆದರೆ ಉಳಿಯುವುದು ಅಷ್ಟು. ಇವೆರಡೂ ನಡುವೆ ಬಹಳಷ್ಟು ಒಂದರ ಮೇಲೊಂದು ಬರುವುದರಿಂದ, ಬರೀ ಬಿಳಿ ಜಾಗ ಇರುವ ಒಂದು ಪಟ್ಟಿ ನೋಡಿ ಅಲ್ಲಿಗೆ ಸರಿಯಾಗಿ ಎರಡನ್ನೂ ಕತ್ತರಿಸಿದೆ. ನಂಬಿಕೆ ಸಾಲದು, ಅಳೆಯಬೇಕು. ಫಾರಂನ ಮೊದಲ ಅಡ್ಡಗೆರೆಯಿಂದ ಕೊನೆಯ ಅಡ್ಡಗೆರೆಗೆ ಕಾಗದದ ಮೇಲೆ 318 ಮಿ.ಮೀ. ಇತ್ತು, ಪರದೆಯಲ್ಲಿ 317 ಬಂತು. ಸ್ಕ್ಯಾನರಿನ ಗಾಜಿನ ಅಂಚು ಒಂದಿಷ್ಟು ಕಾಗದವನ್ನು ನುಂಗಿತ್ತು. ಕೆಳಗಿನ ಚಿತ್ರವನ್ನು ಒಂದು ಮಿ.ಮೀ. ಇಳಿಸಿದೆ.

ಚಿತ್ರವನ್ನು ಎಲ್ಲಿಗೆ ಕಟ್ಟಿಹಾಕುತ್ತೇವೆ ಎಂಬುದರ ಮೇಲೆ ಇಡೀ ಕೆಲಸ ನಿಂತಿದೆ. ವರ್ಡ್ ಪ್ರೊಸೆಸರಿನಲ್ಲಿ ಚಿತ್ರ ತಂದು ಹಾಕಿದಾಗ ಅದು ಸಾಮಾನ್ಯವಾಗಿ ಒಂದು ಪ್ಯಾರಾಕ್ಕೋ ಒಂದು ಅಕ್ಷರಕ್ಕೋ ಅಂಟಿಕೊಂಡಿರುತ್ತದೆ. ಮೇಲೆ ಒಂದು ಎಂಟರ್ ಒತ್ತಿದರೆ ಚಿತ್ರವೂ ಕೆಳಗೆ ಜಾರುತ್ತದೆ. ಅದರ ಲಂಗರನ್ನು ಪುಟಕ್ಕೆ ಹಾಕಬೇಕು, ಪಠ್ಯದ ಹಿನ್ನೆಲೆಗೆ ತಳ್ಳಬೇಕು, ಆಮೇಲೆ ಜಾಗ ಮತ್ತು ಗಾತ್ರ ಎರಡಕ್ಕೂ ರಕ್ಷಣೆಯ ಗುರುತು ಹಾಕಬೇಕು. ಮೈಕ್ರೋಸಾಫ್ಟ್ ವರ್ಡ್ ಬಳಸುವವರು ಚಿತ್ರವನ್ನು ಪುಟದ ಹೆಡರಿನೊಳಗೆ ಹಾಕಿ ಪಠ್ಯದ ಹಿಂದಕ್ಕೆ ಕಳಿಸಿದರೆ ಹೆಚ್ಚುಕಮ್ಮಿ ಇದೇ ಫಲ ಸಿಗುತ್ತದೆ. ಬರೆಯುವಾಗ ಅದು ಮಸುಕಾಗಿ ಕಾಣುತ್ತದೆ, ತಪ್ಪಿ ಮೌಸ್ ತಾಗಿದರೂ ಅಲ್ಲಾಡುವುದಿಲ್ಲ.

ಅಕ್ಷರ ಕೂರಿಸುವುದು

ಮೊದಲ ಸಂಜೆ ನಾನು ಸ್ಪೇಸ್ ಒತ್ತಿ ಒತ್ತಿ ಜಾಗಕ್ಕೆ ತಂದೆ. ಮನೆ ವಿಳಾಸದಲ್ಲಿ "ಅಡ್ಡರಸ್ತೆ" ಎಂಬುದು ಬಿಟ್ಟುಹೋಗಿದೆ ಎಂದು ಚಿಕ್ಕಮ್ಮ ಹೇಳಿದರು, ಸೇರಿಸಿದ ಕೂಡಲೇ ಅದರ ಕೆಳಗಿನದೆಲ್ಲ ಒಂದು ಸಾಲು ಇಳಿಯಿತು. ಪಿನ್ ಕೋಡಿನ ಆರು ಅಂಕಿ ಹೋಗಿ ಫೋನ್ ನಂಬರಿನ ಚೌಕದಲ್ಲಿ ಕೂತವು. ಎಲ್ಲ ಅಳಿಸಿ, ಪ್ರತಿಯೊಂದು ಉತ್ತರಕ್ಕೂ ಒಂದೊಂದು ಪಠ್ಯ ಚೌಕಟ್ಟು ಮಾಡಿ ಪುಟಕ್ಕೆ ಕಟ್ಟಿದೆ. ಗೆರೆಯಿಲ್ಲದ, ಬಣ್ಣವಿಲ್ಲದ ಚೌಕಟ್ಟು. ಎರಡೂ ಬದಿ ಸೇರಿ 31 ಆದವು. ಒಂದನ್ನು ತಿದ್ದಿದರೆ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ, ಅದೇ ಬೇಕಾಗಿದ್ದು.

ಚೌಕಗಳ ಸಾಲಿನಲ್ಲಿ ಒಂದು ಚೌಕ ಅಳೆದು ಲೆಕ್ಕ ಹಾಕಬಾರದು. ಹೆಸರಿನ ಸಾಲಿನಲ್ಲಿ 26 ಚೌಕ. ಒಂದನ್ನು ಅಳೆದರೆ ಸ್ಕೇಲಿನಲ್ಲಿ ಆರು ಮಿ.ಮೀ. ಎಂದೇ ಕಾಣುತ್ತದೆ. ಇಡೀ ಸಾಲು ಅಳೆದಾಗ 153 ಬಂತು, 26ರಿಂದ ಭಾಗಿಸಿದರೆ 5.885. ಆರು ಎಂದುಕೊಂಡು ಕೂರಿಸಿದ್ದರೆ ಸಾಲಿನ ತುದಿಗೆ ಹೋಗುವಷ್ಟರಲ್ಲಿ ಮೂರು ಮಿ.ಮೀ. ತಪ್ಪಿ, ಕೊನೆಯ ಅಕ್ಷರಗಳು ಗೆರೆಯ ಮೇಲೆ ಬೀಳುತ್ತಿದ್ದವು.

ಇಂಗ್ಲಿಷ್ ದೊಡ್ಡಕ್ಷರ ಮತ್ತು ಅಂಕಿಗಳಿಗೆ ಲಿಬರೇಶನ್ ಮೋನೋ ಫಾಂಟ್ ಹಾಕಿದೆ. ಅದರಲ್ಲಿ ಎಲ್ಲ ಅಕ್ಷರದ ಅಗಲವೂ ಒಂದೇ. ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ. 12 ಪಾಯಿಂಟಿನಲ್ಲಿ ಒಂದಕ್ಷರ 7.2 ಪಾಯಿಂಟ್ ಜಾಗ ಹಿಡಿಯುತ್ತದೆ, ಇಂಚಿಗೆ ಸರಿಯಾಗಿ ಹತ್ತು ಅಕ್ಷರ. ಹಳೇ ಟೈಪ್‌ರೈಟರುಗಳ ಪೈಕಾ ಅಳತೆಯೂ ಅದೇ. 5.885 ಮಿ.ಮೀ. ಅಂದರೆ 16.68 ಪಾಯಿಂಟ್. ಅದರಲ್ಲಿ 7.2 ಕಳೆದರೆ ಸುಮಾರು 9.5. ಅಕ್ಷರಗಳ ನಡುವಿನ ಅಂತರವನ್ನು 9.5 ಪಾಯಿಂಟ್ ಹಿಗ್ಗಿಸಿದರೆ ಒಂದೊಂದಕ್ಷರವೂ ತನ್ನ ಚೌಕದೊಳಗೆ ಹೋಗಿ ಕೂರುತ್ತದೆ. 26 ಚೌಕ ದಾಟಿದರೂ ಕಾಲು ಮಿ.ಮೀ.ನಷ್ಟೂ ತಪ್ಪುವುದಿಲ್ಲ. ಈ ಫಾಂಟಿನ ಸೊನ್ನೆಯ ಹೊಟ್ಟೆಯಲ್ಲಿ ಚುಕ್ಕಿ ಇರುತ್ತದೆ, ಅದು ಇನ್ನೊಂದು ಅನುಕೂಲ. ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತದಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಅದನ್ನು 'ಓ' ಎಂದು ಓದಿ ಅರ್ಜಿ ತಿರುಗಿ ಬರುವುದು ನಮ್ಮಲ್ಲಿ ಆಗಾಗ ಆಗುವಂಥದ್ದು.

ಕನ್ನಡಕ್ಕೆ ಈ ಉಪಾಯ ಒಗ್ಗುವುದಿಲ್ಲ. ಒಂದಕ್ಷರಕ್ಕೆ ಒಂದು ಚೌಕ ಎಂದು ಫಾರಂ ಹೇಳುತ್ತದೆ, ಆದರೆ ಕನ್ನಡದಲ್ಲಿ ಒಂದಕ್ಷರ ಎಂದರೆ ಯಾವುದು? "ಲಕ್ಷ್ಮಮ್ಮ" ಎಂಬ ಹೆಸರು ತೆಗೆದುಕೊಳ್ಳಿ. ನಾವು ಎಣಿಸಿದರೆ ಲ, ಕ್ಷ್ಮ, ಮ್ಮ, ಮೂರು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್ ಎಣಿಕೆಯಲ್ಲಿ ವ್ಯಂಜನ, ಒತ್ತು ಮೂಡಿಸುವ ವಿರಾಮ ಚಿಹ್ನೆ ಎಲ್ಲ ಸೇರಿ ಒಂಬತ್ತು ಸಂಕೇತ. ಇಂಗ್ಲಿಷಿನಲ್ಲಿ ಬರೆದರೆ ಹತ್ತು ಚೌಕ ಬೇಕು. ಅಂತರ ಹಿಗ್ಗಿಸಿ ಬರೆದರೆ ಅಗಲದ ಅಕ್ಷರ ಚೌಕ ದಾಟುತ್ತದೆ, ಕಿರಿದಾದದ್ದು ಮೂಲೆಗೆ ಸರಿಯುತ್ತದೆ. ಇಂಥ ಕಡೆ ಚೌಕಗಳಷ್ಟೇ ಅಗಲದ ಕಂಬಗಳಿರುವ ಒಂದು ಸಾಲಿನ ಕೋಷ್ಟಕ ಮಾಡಿ, ಒಂದೊಂದು ಕೋಶದಲ್ಲಿ ಒಂದೊಂದು ಪೂರ್ತಿ ಅಕ್ಷರವನ್ನು ನಡುವಿಗೆ ಇಡುವುದೇ ಸರಿ. ಚಿಕ್ಕಮ್ಮನ ಫಾರಂನಲ್ಲಿ ಕನ್ನಡದ ಹೆಸರಿಗೆ ಹಾಗೆಯೇ ಮಾಡಿದೆ. ಚೌಕಗಳನ್ನು ಕನ್ನಡ ಗೊತ್ತಿರುವ ಯಾರಾದರೂ ವಿನ್ಯಾಸ ಮಾಡಿದ್ದರೆ ಒತ್ತಕ್ಷರಕ್ಕೆ ಕೆಳಗಡೆ ಒಂದಿಷ್ಟು ಜಾಗ ಬಿಡುತ್ತಿದ್ದರು. ಇಲ್ಲಿ "ಕ್ಷ್ಮ"ದಂಥ ಎರಡು ಅಂತಸ್ತಿನ ಅಕ್ಷರ ಬಂದರೆ ಫಾಂಟನ್ನು 9 ಪಾಯಿಂಟಿಗೆ ಇಳಿಸದೆ ಬೇರೆ ದಾರಿಯಿಲ್ಲ.

ವಿಳಾಸಕ್ಕೆ ಚೌಕವಿರಲಿಲ್ಲ, ಎಂಟು ಮಿ.ಮೀ. ಅಂತರದ ಚುಕ್ಕಿ ಗೆರೆಗಳಿದ್ದವು. ನೋಟೊ ಸ್ಯಾನ್ಸ್ ಕನ್ನಡ, 12 ಪಾಯಿಂಟ್, ಸಾಲಿನ ಅಂತರವನ್ನು ಎಂಟು ಮಿ.ಮೀ.ಗೆ ಕಟ್ಟಿದೆ. ಕನ್ನಡದಲ್ಲಿ ಸಾಲಿನ ಅಂತರವನ್ನು ಇದಕ್ಕಿಂತ ತೀರಾ ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಅಕ್ಷರದ ಬುಡ ಗೆರೆಗಿಂತ ಒಂದೂವರೆ ಮಿ.ಮೀ. ಮೇಲಿರುವಂತೆ ಇಟ್ಟರೆ ಒತ್ತಕ್ಷರದ ಬಾಲ ಗೆರೆಗೆ ತಾಗಿಯೂ ತಾಗದಂತೆ ನಿಲ್ಲುತ್ತದೆ, ಓದಲು ಹಿತ.

ಉತ್ತರಗಳಿಗೆಲ್ಲ ಒಂದೇ ಅಕ್ಷರಶೈಲಿ ಮಾಡಿ ನೀಲಿ ಬಣ್ಣ ಕೊಟ್ಟಿದ್ದೆ. ಪರದೆಯ ಮೇಲೆ ಕಚೇರಿಯ ಕಪ್ಪು ಮಾತು ಯಾವುದು, ನಮ್ಮ ನೀಲಿ ಮಾತು ಯಾವುದು ಎಂದು ಚಿಕ್ಕಮ್ಮನಿಗೆ ಥಟ್ಟನೆ ತಿಳಿಯಲಿ ಎಂದು. ಅಕ್ಷರವನ್ನು ಪರದೆಯಲ್ಲಿ ದೊಡ್ಡದು ಮಾಡಿ ಕುರ್ಚಿ ಹಾಕಿ ಕೂರಿಸಿದೆ. ಅವರು ಪಿಪಿಒ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬೆರಳಿಟ್ಟು ಓದಿದರು. ಆಗಲೇ ಸಿಕ್ಕಿದ್ದು, ಆಧಾರ್ ಕಾರ್ಡಿನಲ್ಲಿ ಅವರ ಹೆಸರಿನ ಇಂಗ್ಲಿಷ್ ಕಾಗುಣಿತಕ್ಕೂ ಪಿಪಿಒದಲ್ಲಿರುವುದಕ್ಕೂ ಒಂದಕ್ಷರ ವ್ಯತ್ಯಾಸ. ಮೊದಲನೇ ಫಾರಂನಲ್ಲಿ ಆಧಾರ್ ನೋಡಿ ಬರೆದಿದ್ದರು. ಪಿಂಚಣಿಯ ಕಾಗದಕ್ಕೆ ಪಿಪಿಒದಲ್ಲಿ ಹೇಗಿದೆಯೋ ಹಾಗೇ ಹೋಗಬೇಕು. ಪೆನ್ನಿನಲ್ಲಿ ಬರೆದು ಮುಗಿಸಿದ್ದರೆ ಇದು ಕೌಂಟರಿನಲ್ಲೇ ಗೊತ್ತಾಗುತ್ತಿದ್ದದ್ದು. "ನಿಮ್ಮ ಚಿಕ್ಕಪ್ಪ ಬರೆಸಿದ್ದು ಹಿಂಗೆ. ಅವರು ಎಚ್ ಸೇರಿಸ್ತಿರ್ಲಿಲ್ಲ" ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಪಿಡಿಎಫ್‌ನಲ್ಲಿ ತುಂಬಬಹುದಾದ ಜಾಗಗಳನ್ನು ಇಡುವ ಸೌಲಭ್ಯ 1996ರಿಂದ ಇದೆ. ಇದೇ ಫಾರಂ ಅನ್ನು ಹಾಗೆ ಒಮ್ಮೆ ಮಾಡಿ ಇಟ್ಟರೆ ಊರಿನ ಯಾವ ಅಂಗಡಿಯಲ್ಲಾದರೂ ಹತ್ತು ನಿಮಿಷದಲ್ಲಿ ತುಂಬಬಹುದು, ಗಂಡನನ್ನು ಕಳೆದುಕೊಂಡ ಹೆಂಗಸರು ಒಂದು ಕಾಗದಕ್ಕಾಗಿ ಮೂರು ಸಲ ಬಸ್ ಹತ್ತಬೇಕಾಗಿಲ್ಲ. ಮೊಹರು ಬೇಕಿದ್ದರೆ ತುಂಬಿ ತಂದ ಮೇಲೆ ಹಾಕಲಿ. ಇದಕ್ಕೆ ದೊಡ್ಡ ಯೋಜನೆ ಬೇಡ, ಒಬ್ಬರು ಒಂದು ದಿನ ಕೂತರೆ ಆಗುತ್ತದೆ.

ಅಸಲಿ ಕಾಗದಕ್ಕೆ

ಉತ್ತರ ಮಾತ್ರ ಅಚ್ಚಾಗಬೇಕು, ಫಾರಂನ ಚಿತ್ರ ಅಚ್ಚಾಗಬಾರದು. ರೈಟರಿನಲ್ಲಿ ಚಿತ್ರದ ಗುಣಲಕ್ಷಣಗಳೊಳಗೆ "ಮುದ್ರಿಸು" ಎಂಬುದಕ್ಕೆ ಒಂದು ಗುರುತಿದೆ, ಅದನ್ನು ತೆಗೆದರೆ ಚಿತ್ರ ಪರದೆಗೆ ಮಾತ್ರ. ನೀಲಿಯನ್ನು ಶೈಲಿಯಲ್ಲಿ ಒಂದೇ ಕಡೆ ಬದಲಿಸಿ ಕಪ್ಪು ಮಾಡಿದೆ. ಕಪ್ಪು-ಬಿಳುಪಿನ ಲೇಸರ್ ಪ್ರಿಂಟರ್ ನೀಲಿಯನ್ನು ಚುಕ್ಕಿ ಚುಕ್ಕಿ ಬೂದಿಯಾಗಿ ಹೊಡೆಯುತ್ತದೆ, ಸಣ್ಣ ಅಕ್ಷರ ಮಂಕಾಗುತ್ತವೆ. ಕಾಗದದ ಗಾತ್ರವನ್ನು ದಾಖಲೆಯಲ್ಲೂ ಪ್ರಿಂಟರಿನ ಸಿದ್ಧತೆಯಲ್ಲೂ ಎರಡು ಕಡೆ ಲೀಗಲ್ ಎಂದು ಹೇಳಬೇಕು. ಅಳತೆ 100 ಶೇಕಡಾ. "ಪುಟಕ್ಕೆ ಹೊಂದಿಸು" ಎಂಬ ಆಯ್ಕೆ ಎಲ್ಲಾದರೂ ಉಳಿದಿದ್ದರೆ ಎರಡು ಸಂಜೆಯ ಲೆಕ್ಕವೆಲ್ಲ ನೀರುಪಾಲು.

ಬಿಳಿ ಲೀಗಲ್ ಹಾಳೆಗೆ ಮೊದಲ ಪ್ರತಿ ತೆಗೆದು, ಅಸಲಿ ಫಾರಂನ ಹಿಂದೆ ಇಟ್ಟು, ಬೆಳಗಿನ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಚೌಕಗಳೊಳಗೆ ಅಕ್ಷರ ಇಣುಕಿದವು. ಎಲ್ಲವೂ ಒಂದೂವರೆ ಮಿ.ಮೀ. ಕೆಳಗೆ, ಒಂದು ಮಿ.ಮೀ. ಬಲಕ್ಕೆ ಇದ್ದವು. ಎಲ್ಲವೂ ಒಂದೇ ಅಳತೆಗೆ ಸರಿದಿದ್ದರೆ ಸಂತೋಷ ಪಡಬೇಕು, ಅದು ಕಾಗದ ಒಳಗೆ ಹೋಗುವ ಜಾಗದ ವ್ಯತ್ಯಾಸ ಮಾತ್ರ. ಮೇಲೆ ಸರಿಯಿದ್ದು ಕೆಳಗೆ ತಪ್ಪಿದ್ದರೆ ಗಾತ್ರದ ತಪ್ಪು, ಹಿಂದಕ್ಕೆ ಹೋಗಿ ಅಳೆಯಬೇಕಾಗುತ್ತದೆ. ಚೌಕಟ್ಟುಗಳನ್ನು ಇಡುವಾಗ ಅವುಗಳ ಜಾಗವನ್ನು ಕಾಗದದ ಅಂಚಿನಿಂದ ಹೇಳದೆ, ಪುಟದ ಪಠ್ಯ ಪ್ರದೇಶದಿಂದ ಹೇಳಿದ್ದೆ. ಅದರಿಂದ ಪುಟದ ಮೇಲಿನ ಮತ್ತು ಎಡಗಡೆಯ ಮಾರ್ಜಿನನ್ನು ಬದಲಿಸಿದಾಗ ಆ ಬದಿಯ ಚೌಕಟ್ಟುಗಳೆಲ್ಲ ಒಟ್ಟಿಗೆ ಸರಿದವು, ಒಂದೊಂದನ್ನೇ ಹಿಡಿದು ಎಳೆಯುವ ಕೆಲಸ ತಪ್ಪಿತು.

ಇನ್ನೂ ಮೂರು ಹಾಳೆ ಹೊಡೆದು ನೋಡಿದೆ. ಪ್ರಿಂಟರಿನ ಉರುಳೆ ಪ್ರತಿ ಸಲ ಕಾಗದವನ್ನು ಒಂದೇ ರೀತಿ ಎಳೆಯುವುದಿಲ್ಲ, ಅರ್ಧ ಮಿ.ಮೀ. ಆಚೀಚೆ ಆಗುತ್ತದೆ. ಕೆಳಗಿನ ತಟ್ಟೆಗಿಂತ ಮುಂದಿನ ಕೈತಟ್ಟೆಯಲ್ಲಿ ಒಂದೊಂದೇ ಹಾಳೆ ಕೊಟ್ಟು, ಎರಡೂ ಬದಿಯ ಕಡ್ಡಿಗಳನ್ನು ಕಾಗದಕ್ಕೆ ಮುಟ್ಟಿಸಿದರೆ ಈ ಓಲಾಟ ಕಡಿಮೆ. ಹಾಳೆಯ ಮೂಲೆಗೆ ಪೆನ್ಸಿಲ್ಲಿನಲ್ಲಿ ಬಾಣ ಹಾಕಿ, ಯಾವ ಮುಖ ಮೇಲಿಟ್ಟರೆ ಎಲ್ಲಿ ಅಚ್ಚಾಗುತ್ತದೆ ಎಂಬುದನ್ನೂ ಖಾತ್ರಿ ಮಾಡಿಕೊಂಡೆ. ಹಿಂಬದಿಯ ಉತ್ತರ ಮುಂಬದಿಯಲ್ಲಿ ಅಚ್ಚಾದರೆ ಎಲ್ಲ ಮುಗಿದಂತೆ.

ಚಿಕ್ಕಮ್ಮ ಫೋಟೊಗಳಿಗೆ ಗೋಂದು ಹಚ್ಚಲು ಹೊರಟಿದ್ದರು. ತಡೆದೆ. ಲೇಸರ್ ಪ್ರಿಂಟರಿನೊಳಗೆ ಶಾಯಿಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಉರುಳೆ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಫೋಟೊ ಅಂಟಿಸಿದ ಕಾಗದ ಒಳಗೆ ಹೋದರೆ ಫೋಟೊ ಸುರುಟಿ, ಗೋಂದು ಕರಗಿ, ಫಾರಂ ಜೊತೆಗೆ ಯಂತ್ರವೂ ಹೋಗುತ್ತದೆ. ಫೋಟೊ, ಪಿನ್ನು, ಅಂಟು, ಎಲ್ಲ ಅಚ್ಚಾದ ಮೇಲೆ.

ಅಸಲಿ ಕಾಗದವನ್ನು ಕೈತಟ್ಟೆಗೆ ಇಟ್ಟಾಗ ಅಂಗಡಿಯಲ್ಲಿ ಇಬ್ಬರೇ ಇದ್ದೆವು. ಚಿಕ್ಕಮ್ಮ ಕೈ ಮುಗಿದರು. ಕಾಗದ ಹೋಯಿತು, ಬಂತು. ಹೆಸರಿನ 26 ಚೌಕಗಳಲ್ಲಿ ತುಂಬಬೇಕಾದಷ್ಟೂ ತುಂಬಿ, ಒಂದೂ ಗೆರೆಗೆ ತಾಗಿರಲಿಲ್ಲ. ಮಗುಚಿ ಹಿಂಬದಿ ಕೊಟ್ಟೆ. ಅದೂ ಆಯಿತು.

ಸಹಿಯ ಜಾಗವನ್ನು ಖಾಲಿ ಬಿಟ್ಟಿದ್ದೆ. ಈಗೀಗ ಸಹಿಯನ್ನೂ ಸ್ಕ್ಯಾನ್ ಮಾಡಿ ಅಂಟಿಸುವವರಿದ್ದಾರೆ. ಇಂಥ ಕಾಗದದಲ್ಲಿ ಅದು ಕೂಡದು, ಸಹಿ ಎಂದರೆ ಆ ಕೈ ಆ ಕಾಗದವನ್ನು ಮುಟ್ಟಿತು ಎಂಬುದಕ್ಕೆ ಸಾಕ್ಷಿ. ಹೆಬ್ಬೆಟ್ಟು ಹಾಕಿದರೂ ನಡೆಯುತ್ತದೆ ಎಂದು ಹೇಳಿದೆ. ಕಾಯಿಲೆಯಿಂದ, ವಯಸ್ಸಿನಿಂದ ಸಹಿ ಮಾಡಲಾಗದ ಪಿಂಚಣಿದಾರರು ಬ್ಯಾಂಕಿನಲ್ಲಿ ಹಣ ತೆಗೆಯಲು ಹೆಬ್ಬೆಟ್ಟು ಒತ್ತಬಹುದು, ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಚಿಕ್ಕಮ್ಮ ಕೇಳಲಿಲ್ಲ. "ಎಸ್ಸೆಸ್ಸೆಲ್ಸಿ ಪಾಸಾಗಿ ಹೆಬ್ಬೆಟ್ಟು ಒತ್ತಲಾ?" ಎಂದರು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು, ಉಸಿರು ಬಿಗಿಹಿಡಿದು, ಮೂರು ಕಡೆ ಸಹಿ ಮಾಡಿದರು. ನಡುಗಿದ ಸಹಿಯೇ, ಆದರೆ ಪಾಸ್‌ಬುಕ್ಕಿನ ಸಹಿಯ ಜೊತೆ ಇಟ್ಟು ನೋಡಿದರೆ ಒಬ್ಬರದೇ ಎಂದು ತಿಳಿಯುತ್ತಿತ್ತು.

ಅವರು ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಫೈಲ್ ಖಾಲಿ ಮಾಡಿದ್ದು. ಅಂಗಡಿಯ ಕಂಪ್ಯೂಟರಿನಲ್ಲಿ ದಿನಕ್ಕೆ ಹತ್ತಾರು ಜನ ಕೂರುತ್ತಾರೆ. ಆಧಾರ್, ಖಾತೆ ಸಂಖ್ಯೆ, ಸ್ಕ್ಯಾನ್ ಮಾಡಿದ ಮರಣ ಪ್ರಮಾಣಪತ್ರ, ಇಷ್ಟು ಒಟ್ಟಿಗೆ ಸಿಕ್ಕರೆ ಮೋಸಗಾರರಿಗೆ ಬೇರೇನೂ ಬೇಡ. ಉತ್ತರಗಳನ್ನೆಲ್ಲ ಅಳಿಸಿ ಬರಿಯ ಚೌಕಟ್ಟುಗಳಿರುವ ಪ್ರತಿ ಮಾತ್ರ ಉಳಿಸಿಕೊಂಡು, ಬಾಕಿ ಫೈಲುಗಳನ್ನು ಕಸದ ಬುಟ್ಟಿಯಿಂದಲೂ ತೆಗೆದೆ. ಪರೀಕ್ಷೆಗೆ ಹೊಡೆದ ನಾಲ್ಕು ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ. ಅಂಗಡಿ ಇಟ್ಟುಕೊಂಡವರು ಇದನ್ನು ಉಪಕಾರ ಎಂದುಕೊಳ್ಳಬಾರದು, ಕೆಲಸದ ಭಾಗವೇ ಇದು.

ಫಾರಂ ಅದೇ ವಾರ ಸ್ವೀಕಾರವಾಯಿತು, ಸ್ವೀಕೃತಿ ಚೀಟಿಯೂ ಸಿಕ್ಕಿತು. ಕೌಂಟರಿನವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಟೈಪ್‌ರೈಟರ್ ಇನ್ನೂ ಯಾರ ಹತ್ತಿರ ಇದೆ ಎಂದು ಕೇಳಿದರಂತೆ.

ಒಂದು ತಿಂಗಳ ಮೇಲೆ ಪಕ್ಕದ ಊರಿನ ಒಬ್ಬರು ಅದೇ ಕಚೇರಿಯ ಅದೇ ಫಾರಂ ಹಿಡಿದು ಬಂದರು. ಖಾಲಿ ಪ್ರತಿ ತೆರೆದು, ಅವರ ವಿವರ ತುಂಬಿ, ಬಿಳಿ ಹಾಳೆಗೆ ಹೊಡೆದು ಕಿಟಕಿಗೆ ಹಿಡಿದೆ. ಎರಡು ಮಿ.ಮೀ. ಕೆಳಗೆ ಬಂದಿತ್ತು. ಸ್ಕೇಲ್ ಇಟ್ಟು ನೋಡಿದರೆ ಅಳತೆಗಳೆಲ್ಲ ಅವೇ, ಆದರೆ ಅವರ ಫಾರಂನ ಅಚ್ಚೇ ಕಾಗದದ ಮೇಲೆ ತುಸು ಮೇಲಕ್ಕೆ ಬಿದ್ದಿತ್ತು, ಬೇರೆ ಯಾವಾಗಲೋ ಅಚ್ಚಾದ ಕಟ್ಟಿನದ್ದಿರಬೇಕು. ಮೇಲಿನ ಮಾರ್ಜಿನ್ ಎರಡು ಮಿ.ಮೀ. ಕಡಿಮೆ ಮಾಡಿ, ಇನ್ನೊಂದು ಹಾಳೆ ಹೊಡೆದು, ಅವರನ್ನೂ ಕಿಟಕಿಯ ಹತ್ತಿರ ಕರೆದು ತೋರಿಸಿದೆ.